ಸೇವಂತಿಗೆಗೆ ಹೊದಿಸಿದ ಕಂಬಳಿ

ಈಗಿನ ಹೂವಿನ ಪಾಲಿಹೌಸುಗಳಲ್ಲಿ ಕಂಬಕ್ಕೊಂದು ಬಟನ್ ಇರುತ್ತದೆ. ಒತ್ತಿದರೆ ಕರಿ ಪರದೆ ಗರಗರ ಎಂದು ಸರಿದು ಬಂದು ಗಿಡಗಳನ್ನೆಲ್ಲ ಮುಚ್ಚುತ್ತದೆ. ನಮ್ಮೂರ ಪಕ್ಕದ ನರ್ಸರಿಗೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದರು. "ಅಜ್ಜಿ, ನಿಮ್ಮ ಕಾಲದಾಗೆ ಇದು ಇತ್ತೇನು?" ಎಂದು ಕೇಳಿದರು. ಇತ್ತು. ಆ ಬಟನ್ ನಾನೇ ಆಗಿದ್ದೆ. ನನ್ನ ಜೊತೆ ಇನ್ನೂ ಕೆಲವು ಬಟನ್‌ಗಳಿದ್ದವು. ಎಲ್ಲವಕ್ಕೂ ಬೆನ್ನುನೋವು.

ನನ್ನ ಹೆಸರು ಹಾಲಮ್ಮ. ಓದಿದ್ದು ನಾಲ್ಕನೇ ಕ್ಲಾಸು. ಹೊನ್ನಾಳಿ ಹತ್ತಿರದ ಒಂದು ಸರ್ಕಾರಿ ತೋಟದಲ್ಲಿ ಕಳೆ ಕೀಳುವುದರಿಂದ ಶುರು ಮಾಡಿ, ಕೊನೆಗೆ ನ್ಯಾಮತಿ ಕಡೆಯ ನರ್ಸರಿಯಲ್ಲಿ ಕೆಲಸ ಮುಗಿಸಿದೆ. ಯಾವಾಗ ಕಾಯಂ ಆದೆ, ಯಾವಾಗ ಸಂಬಳ ಏರಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಒಂದು ಮೊಗ್ಗು ಬಿಡಿಸಲು ಬರುವುದಿಲ್ಲ. ಕೆಲಸದಲ್ಲಿ ಏನೇನು ಎಡವಟ್ಟಾಯಿತು ಎಂಬುದನ್ನು ಬರೆಯುತ್ತೇನೆ. ಅದು ನಿಮಗೆ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ನೀವೂ ಎಡವುತ್ತೀರಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ತೋಟಕ್ಕೆ ಸದಾನಂದ ಎಂಬ ಸಾಹೇಬರು ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಕಾಲಿಗೆ ಬೂಟು. ಬಂದ ವಾರವೇ ನಮ್ಮನ್ನೆಲ್ಲ ಶೆಡ್ಡಿನ ನೆರಳಲ್ಲಿ ಕೂರಿಸಿ, ಈ ಸಲ ಗೌರಿ ಹಬ್ಬಕ್ಕೆ ಸೇವಂತಿಗೆ ಅರಳಿಸುತ್ತೇನೆ ಎಂದರು. ನಾವು ನಕ್ಕೆವು. ನಮ್ಮ ಕಡೆ ಸೇವಂತಿಗೆ ಬಿಡುವುದು ಕಾರ್ತೀಕಕ್ಕೆ. ಆಗ ಎಲ್ಲರ ಹೊಲದಲ್ಲೂ ಬಿಟ್ಟು ಸಂತೆಯಲ್ಲಿ ಕೇಳುವವರಿರುವುದಿಲ್ಲ. ಗೌರಿ ಹಬ್ಬಕ್ಕೆ ಬೇಕೆಂದರೆ ಯಾರ ಹತ್ತಿರವೂ ಇರುವುದಿಲ್ಲ.

"ಸಾಹೇಬ್ರೆ, ಹಬ್ಬ ನೋಡ್ಕಂಡು ಹೂ ಬಿಡಾಕೆ ಗಿಡಕ್ಕೇನು ಪಂಚಾಂಗ ಬರ್ತೈತಾ?" ಎಂದು ಕೇಳಿದವಳು ಹನುಮಕ್ಕ. ಸಾಸ್ವೆಹಳ್ಳಿಯವಳು. ನಮ್ಮೆಲ್ಲರಿಗಿಂತ ಹಿರಿಯಳು. ಮಂಡಿನೋವಿದ್ದ ಕಾರಣ ತೋಟದ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಇರುತ್ತಿದ್ದಳು.

"ಬರುತ್ತೆ ಹನುಮಕ್ಕ," ಎಂದರು ಸಾಹೇಬರು. "ಎಲೆಗಳು ಕತ್ತಲನ್ನು ಅಳೀತವೆ. ರಾತ್ರಿ ಉದ್ದ ಆಯ್ತು ಅಂತ ಎಲೆಗೆ ಗೊತ್ತಾದರೆ ಅದು ಒಂದು ರಸದ ಮೂಲಕ ತುದಿಗೆ ಸುದ್ದಿ ಕಳಿಸುತ್ತೆ. ಆಗ ತುದಿ ಎಲೆ ಬಿಡೋದು ನಿಲ್ಲಿಸಿ ಮೊಗ್ಗು ಕಟ್ಟುತ್ತೆ."

"ಆ ರಸ ನೀವು ನೋಡೀರಾ?"

"ನಾನೂ ನೋಡಿಲ್ಲ, ಯಾರೂ ನೋಡಿಲ್ಲ. ಇನ್ನೂ ಯಾರ ಕೈಗೂ ಸಿಕ್ಕಿಲ್ಲ."

"ಮತ್ತೆ ಐತೆ ಅಂತ ಹೆಂಗೆ ಹೇಳ್ತೀರಿ?"

ಸಾಹೇಬರಿಗೆ ಬೆವರು ಬಂತು. ಹೂ ಬಿಡಲು ಸಿದ್ಧವಾದ ಗಿಡದ ಒಂದು ಎಲೆಯನ್ನು ತಂದು, ಸಿದ್ಧವಾಗದ ಗಿಡಕ್ಕೆ ಕಸಿ ಕಟ್ಟಿದರೆ ಅದೂ ಹೂ ಬಿಡುತ್ತದೆ, ಅಂದಮೇಲೆ ಎಲೆಯಿಂದ ಏನೋ ಹರಿದು ಹೋಗಿರಲೇಬೇಕು ಎಂದು ವಿವರಿಸಿದರು. ನಮ್ಮ ಮುಖ ನೋಡಿ ಯಾರಿಗೂ ತಿಳಿಯಲಿಲ್ಲವೆಂದುಕೊಂಡು ಇನ್ನೊಂದು ದಾರಿ ಹಿಡಿದರು. "ಈಗ ನೋಡಿ, ಹೆಣ್ಣುಮಕ್ಕಳು ದೊಡ್ಡವರಾಗುವಾಗ ಮೈಯೊಳಗೆ ರಸ ಹರಿದು ಬದಲಾಗಲ್ವೇ? ಹಾಗೇ ಇದು. ಈ ಗಿಡಗಳೆಲ್ಲ ಮೈನೆರೆಯೋ ವಯಸ್ಸಿನ ಹುಡುಗಿಯರು ಅಂತ ತಿಳ್ಕೊಳ್ಳಿ."

ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಹೇಬರು ಕಿವಿಯವರೆಗೆ ಕೆಂಪಾಗಿ ಬೂಟು ನೋಡುತ್ತಾ ನಿಂತರು. ಹನುಮಕ್ಕ ಒಬ್ಬಳು ನಗಲಿಲ್ಲ. "ಹಂಗೆ ಹೇಳ್ರಿ ಮತ್ತೆ. ಈಗ ತಿಳೀತು," ಎಂದಳು.

ನಗುವ ವಿಷಯ ಅಷ್ಟೇ. ನಗದಿರುವ ವಿಷಯವೂ ಒಂದಿತ್ತು. ತೋಟಕ್ಕೆಲ್ಲ ಮೇಲಿನವರಾದ ದೊಡ್ಡ ಸಾಹೇಬರು ದಾವಣಗೆರೆಯಿಂದ ಜೀಪಿನಲ್ಲಿ ಬರುತ್ತಿದ್ದರು. ಅವರಿಗೆ ಹೂವಿನ ಮೇಲೆ ನಂಬಿಕೆ ಇರಲಿಲ್ಲ. "ಗೌರಿ ಹಬ್ಬದೊಳಗೆ ಹೂ ತೋರಿಸಿ. ಇಲ್ಲದಿದ್ದರೆ ಇಡೀ ತಾಕಿಗೆ ಟ್ರ್ಯಾಕ್ಟರ್ ಬಿಟ್ಟು ಮೆಕ್ಕೆಜೋಳ ಹಾಕಿಸ್ತೀನಿ," ಎಂದು ಹೇಳಿ ಹೋಗಿದ್ದರು. ಮೆಕ್ಕೆಜೋಳಕ್ಕೆ ನಮ್ಮಷ್ಟು ಹೆಂಗಸರು ಬೇಕಿಲ್ಲ. ನಾವು ಈ ತೋಟಕ್ಕೆ ಬರುವ ಮುಂಚೆ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುತ್ತಿದ್ದವರು. ಮತ್ತೆ ಅಲ್ಲಿಗೇ ಹೋಗಬೇಕಾಗುತ್ತಿತ್ತು. ಹೀಗಾಗಿ ಆ ವರ್ಷ ಸೇವಂತಿಗೆ ಯಾವಾಗ ಬಿಡುತ್ತದೆ ಎಂಬುದು ನಮಗೆ ದೇವರ ಹೂವಿನ ವಿಷಯವಾಗಿರಲಿಲ್ಲ, ಹೊಟ್ಟೆಯ ವಿಷಯವಾಗಿತ್ತು.

ಕತ್ತಲು ಮಾಡಲು ಕರಿ ಬಟ್ಟೆ ಬೇಕು ಎಂದು ಸಾಹೇಬರು ಮೇಲಕ್ಕೆ ಬರೆದರು. ಮಂಜೂರಾಗಲಿಲ್ಲ. ನಮ್ಮ ಮೇಸ್ತ್ರಿ ರುದ್ರಪ್ಪ, ಹಳೆಯ ಕೊಡೆಗಳನ್ನು ಬಿಚ್ಚಿ ಹೊಲಿಯೋಣ ಎಂದ. ಹೊಲಿದು ನೋಡಿದೆವು. ತೂತುಗಳಿಂದ ನಕ್ಷತ್ರ ಕಾಣುವ ಹಾಗಿತ್ತು. ಆಗ ನಾನೇ ಹೇಳಿದೆ, ಜಗಳೂರಿನ ಕರಿ ಕಂಬಳಿ ಹೊದಿಸಿದರೆ ಹಗಲೂ ಅಮಾವಾಸ್ಯೆ ಆಗುತ್ತದೆ ಎಂದು. ಸಾಹೇಬರಿಗೆ ಹಿಡಿಸಿತು. ಮಾರನೇ ದಿನವೇ ನನ್ನನ್ನು ಕರೆದುಕೊಂಡು ಜಗಳೂರಿನ ಬಸ್ಸು ಹತ್ತಿದರು.

ಜಗಳೂರಿನಲ್ಲಿ ಕಂಬಳಿ ನೇಯುವ ಒಬ್ಬ ಮುದುಕರ ಮನೆಗೆ ಹೋದೆವು. ಸಾಹೇಬರು ಕಂಬಳಿಯನ್ನು ಎತ್ತಿ ಬಿಸಿಲಿಗೆ ಹಿಡಿದು, ಬೆಳಕು ತೂರುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡತೊಡಗಿದರು. ಮುದುಕರಿಗೆ ಸಿಟ್ಟು ಬಂತು.

"ಏನ್ರೀ, ಕಂಬಳೀನ ಜರಡಿ ನೋಡ್ದಂಗೆ ನೋಡ್ತೀರಲ್ಲ. ಎಷ್ಟು ಮಂದಿಗೆ ಬೇಕು?"

"ಮಂದಿಗಲ್ಲ ಯಜಮಾನರೇ, ಗಿಡಕ್ಕೆ," ಎಂದರು ಸಾಹೇಬರು.

ಮುದುಕರು ನನ್ನ ಕಡೆ ತಿರುಗಿ, "ಇವರು ನಿನಗೇನಾಗಬೇಕವ್ವ?" ಎಂದರು.

"ನಮ್ಮ ಸಾಹೇಬ್ರು."

"ಮನೇಲಿ ಹಿರಿಯರು ಯಾರೂ ಇಲ್ಲೇನು ಇವರಿಗೆ?"

ಅಂತೂ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು, ಕಂಬಳಿ ಅಂದರೆ ದೇವರನ್ನು ಕೂರಿಸುವ ಗದ್ದುಗೆ, ಚಪ್ಪಲಿ ಕಾಲಲ್ಲಿ ತುಳಿಯಬಾರದು ಎಂದು. ಹೀಗಾಗಿ ಮುಂದೆ ದಿನವೂ ಸಂಜೆ ಸಾಹೇಬರು ಪಾತಿಗಳ ನಡುವೆ ಬೂಟು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಕೆಸರು ತುಳಿಯುತ್ತಾ ಓಡಾಡಿದರು. ಅವರ ಕಾಲಿಗೆ ಮುಳ್ಳು ಚುಚ್ಚಿದಾಗಲೆಲ್ಲ ತೆಗೆದವಳು ನಾನು.

ಮುಂಗಾರು ಹಿಡಿಯುವ ಹೊತ್ತಿಗೆ ಕೆಲಸ ಶುರುವಾಯಿತು. ಮಂಚದಷ್ಟಗಲದ ಪಾತಿಗಳು. ಶೆಡ್ಡಿನ ಹಿಂದೆ ನಾಲ್ಕು, ನಾಲೆಯ ಆಚೆ ಒಂದು. ಪ್ರತಿ ಪಾತಿಗೂ ಬಿದಿರಿನ ಕಮಾನು. ಇನ್ನೂ ಬಿಸಿಲಿರುವಾಗಲೇ ಕಂಬಳಿ ಹೊದಿಸಿ ನಾವು ಊರಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಶೆಡ್ಡಿನ ಹಿಂದಿನ ನಾಲ್ಕನ್ನು ಹನುಮಕ್ಕ ತೆಗೆಯುತ್ತಿದ್ದಳು, ಅಲ್ಲೇ ಇರುವವಳಲ್ಲವೇ. ಮಂಡಿಯ ಕಾರಣ ಅವಳು ನಾಲೆ ದಾಟುತ್ತಿರಲಿಲ್ಲ. ಆಚೆಯದನ್ನು ನಾನು ಬಂದು ತೆಗೆಯುತ್ತಿದ್ದೆ.

ಕಂಬಳಿ ಒಣಗಿದ್ದಾಗ ಹೊದಿಸುವುದು ಸುಲಭ. ಮಳೆಯಲ್ಲಿ ನೆನೆದ ಕಂಬಳಿ ಎತ್ತುವುದೆಂದರೆ ಬದುಕಿರುವ ಕುರಿಯನ್ನೇ ಎತ್ತಿದ ಹಾಗೆ. ವಾಸನೆಯೂ ಹಾಗೇ. ನಾನು ಮನೆಗೆ ಹೋದರೆ ನಮ್ಮ ನಾಯಿ ನನ್ನನ್ನು ಮಂದೆಗೆ ಅಟ್ಟಲು ನೋಡುತ್ತಿತ್ತು.

ಕೆಲವು ವಾರ ಕಳೆದವು. ಮೊಗ್ಗು ಕಾಣಬೇಕಾಗಿತ್ತು. ಶೆಡ್ಡಿನ ಹಿಂದಿನ ಪಾತಿಗಳಲ್ಲಿ ಬರೀ ಎಲೆ. ಹಸಿರಾಗಿ, ಕೊಬ್ಬಿ, ಸಂತೆಗೆ ತರುವ ಸೊಪ್ಪಿನ ಕಂತೆಯಂತೆ ನಿಂತಿದ್ದವು. ಜೊತೆಗೆ ವಿಚಿತ್ರವಾಗಿ ಇರುವೆ. ಸೇವಂತಿಗೆಗೆ ಅಷ್ಟು ಇರುವೆ ಬಂದದ್ದನ್ನು ನಾನು ನೋಡಿರಲಿಲ್ಲ. ಮೇಸ್ತ್ರಿ ರುದ್ರಪ್ಪ ಇರುವೆ ಪುಡಿ ಚೆಲ್ಲಿದ. ಪುಡಿ ತೊಳೆದು ಹೋಗುತ್ತಿದ್ದಂತೆ ಇರುವೆ ಮತ್ತೆ ಸಾಲು ಕಟ್ಟಿತು. ಅದೇ ಸಮಯದಲ್ಲಿ ಅವನ ಕುಡುಗೋಲು ಕಳೆದುಹೋಯಿತು. ನನ್ನ ಮೇಲೆ ಅನುಮಾನ.

"ಹಾಲಮ್ಮ, ನನ್ನ ಕುಡುಗೋಲು ಕಂಡ್ಯೇನು?"

"ನಿನ್ನ ಕುಡುಗೋಲು ಹುಲ್ಲೂ ಕೊಯ್ಯಲ್ಲ ಮೇಸ್ತ್ರಿ. ಅದನ್ನ ಕದ್ದು ನಾನೇನು ಬೆನ್ನು ಕೆರ್ಕಳ್ಳಾ?"

ಸಾಹೇಬರು ದಿನದಿನಕ್ಕೆ ಬಾಡಿದರು. ಕೊನೆಗೆ ಎಲ್ಲಿಂದಲೋ ಒಂದು ಸಣ್ಣ ಬಾಟಲಿ ತರಿಸಿದರು. ಇದೂ ಗಿಡದ ರಸವೇ, ಹಾರ್ಮೋನು, ಸ್ವಲ್ಪ ಸಿಂಪಡಿಸಿದರೆ ಗಿಡ ಚುರುಕಾಗಬಹುದು ಎಂದರು. ಒಂದು ಪಾತಿಗೆ ಸಿಂಪಡಿಸಿದೆವು. ಚುರುಕಾಗಿದ್ದೇನೋ ನಿಜ. ಗಿಡಗಳು ಕತ್ತು ನೀಡಿಕೊಂಡು ಉದ್ದುದ್ದ ಬೆಳೆದು, ಕಮಾನಿನ ಮೇಲಿನ ಕಂಬಳಿಯನ್ನು ತಲೆಯಲ್ಲಿ ಎತ್ತಿ ಹಿಡಿದವು. ಹೂ ಮಾತ್ರ ಇಲ್ಲ. ಆಗ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ: "ಹಾಲಮ್ಮ, ಹಾರ್ಮೋನು ಅಂದರೆ ಒಂದಲ್ಲ. ಕಾಂಡ ಉದ್ದ ಮಾಡೋದು ಬೇರೆ, ಬೇರು ಬಿಡಿಸೋದು ಬೇರೆ, ಕಾಯಿ ಹಣ್ಣು ಮಾಡೋದು ಬೇರೆ. 'ಹೂ ಬಿಡು' ಅಂತ ಸೇವಂತಿಗೆಗೆ ಹೇಳೋದು ಯಾವ ಅಂಗಡಿಯಲ್ಲೂ ಇಲ್ಲ. ಅದನ್ನ ಎಲೆಯೇ ಮಾಡಬೇಕು." ಈಗ ನೀವು ಬಾಟಲಿ ಕಂಡರೆ ಸಾಕು, ಸ್ಪ್ರೇಯರ್ ಹೆಗಲಿಗೇರಿಸುತ್ತೀರಿ. ಯಾವ ಬಾಟಲಿ ಯಾವ ಕೆಲಸಕ್ಕೆ ಎಂದು ಕೇಳಿಕೊಂಡು ಏರಿಸಿ.

ಆಗಲೇ ಇನ್ನೊಂದು ತಲೆನೋವು. ನಾಲೆಯ ಆಚೆಯ ಪಾತಿಯಲ್ಲಿ ಮೊಗ್ಗು ಬಂತು. ಅದೇ ಮಣ್ಣು, ಅದೇ ಸಸಿ, ಅದೇ ಕಂಬಳಿ. ಅಲ್ಲಿ ಗಿಡದ ತುದಿಗೆಲ್ಲ ಕಡಲೆ ಕಾಳಿನಂಥ ಮೊಗ್ಗು, ಇಲ್ಲಿ ಸೊಪ್ಪು. ರುದ್ರಪ್ಪ, ಶೆಡ್ಡಿನ ಹಿಂದೆ ದೃಷ್ಟಿಯಾಗಿದೆ ಎಂದ. ಇನ್ನೊಬ್ಬಳು, ನಾಲೆ ನೀರಿನ ತಂಪು ಎಂದಳು. ಸಾಹೇಬರು ಎರಡೂ ಕಡೆಯ ಮಣ್ಣು ತಿಂದು ನೋಡುವುದೊಂದನ್ನು ಬಿಟ್ಟು ಎಲ್ಲ ಮಾಡಿದರು. ಗೌರಿ ಹಬ್ಬ ಹತ್ತಿರ ಬಂದೇಬಿಟ್ಟಿತ್ತು. ರಸ್ತೆ ಕಾಂಟ್ರಾಕ್ಟರನ ಕಡೆಯವನು ಆಗಲೇ ನಮ್ಮೂರಿಗೆ ಬಂದು, ಹಬ್ಬ ಮುಗಿದ ಮೇಲೆ ಯಾರ್ಯಾರು ಬರುತ್ತೀರಿ ಎಂದು ಕೇಳಿ ಹೋಗಿದ್ದ.

ಒಂದು ದಿನ ಬಿಸಿಲು ಬಿತ್ತು. ಕಂಬಳಿಗಳನ್ನು ನಾಲೆಯಲ್ಲಿ ಜಾಲಿಸಿ ಒಣಹಾಕಲು ಹೋದಾಗ ಒಂದರಲ್ಲಿ ಸುಟ್ಟ ತೂತು ಕಂಡಿತು. ಉಣ್ಣೆ ಮುದುಡಿ ಗಂಟಾಗಿತ್ತು. ನಾನು ಕಂಬಳಿ ಹಿಡಿದುಕೊಂಡು ಸೀದಾ ರುದ್ರಪ್ಪನ ಹತ್ತಿರ ಹೋದೆ. ನಮ್ಮಲ್ಲಿ ಬೀಡಿ ಸೇದುವವನು ಅವನೊಬ್ಬನೇ.

"ಗಿಡಕ್ಕೆ ಹೊದಿಸಿದ ಕಂಬಳಿ ನೀನು ಹೊದ್ಕಂಡು ಬೀಡಿ ಸೇದ್ತೀಯಾ? ಅದಕ್ಕೇ ನೋಡು ಹೂ ಬಂದಿಲ್ಲ."

"ನಾನ್ಯಾಕೆ ಹೊದ್ಕಳ್ಳಲಿ ಆ ಕುರಿ ನಾತಾನ? ಮೊದಲು ನನ್ನ ಕುಡುಗೋಲು ಕೊಡು, ಆಮೇಲೆ ಮಾತಾಡು."

ಮಾತು ಬೆಳೆಯಿತು. ಅವನು ನನ್ನ ಅಪ್ಪನವರೆಗೆ ಹೋದ, ನಾನು ಅವನ ಅಜ್ಜನವರೆಗೆ ಹೋದೆ. ಸಾಹೇಬರು ಬೂಟು ಕೈಯಲ್ಲಿ ಹಿಡಿದುಕೊಂಡು ನಡುವೆ ನಿಂತರು. ಶೆಡ್ಡಿನ ಮುಂದೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದ ಹನುಮಕ್ಕ ತಲೆ ಎತ್ತದೆ ಹೇಳಿದಳು:

"ಬೀಡಿ ಅಲ್ಲ ಬಿಡ್ರಿ. ಗಾಳಿ ಜೋರಿತ್ತು ಅವತ್ತು. ಬುಡ್ಡಿ ದೀಪ ತಾಗಿರಬೇಕು."

"ಯಾವ ದೀಪ ಹನುಮಕ್ಕ?" ಎಂದರು ಸಾಹೇಬರು.

"ದಿನಾ ಇಡಾದು. ಪಾತಿಗೊಂದು. ಒಡೆದ ಗಡಿಗೆಯೊಳಗೆ ಇಡ್ತೀನಿ, ಏನೂ ಆಗಲ್ಲ. ಅವತ್ತೊಂದು ದಿನ ಹಿಂಗಾತು."

"ಕಂಬಳಿ ಒಳಗೆ ದೀಪ ಇಡ್ತೀರಾ?"

"ಮತ್ತೇನ್ರೀ. ಮೈನೆರೆಯೋ ಹುಡುಗೀರು ಅಂತ ನೀವೇ ಹೇಳಿದ್ರಲ್ಲ. ಅಂಥ ಹುಡುಗೀನ ಯಾರಾದರೂ ಕತ್ತಲಾಗೆ ಒಂಟಿ ಬಿಡ್ತಾರಾ? ನಾವು ದೊಡ್ಡೋರಾದಾಗ ಸೊಪ್ಪಿನ ಗುಡ್ಲಾಗೆ ಬ್ಯಾರೆ ಕೂರಿಸಿ ದೀಪ ಇಟ್ಟಿದ್ರು. ಪಕ್ಕದಾಗೆ ಕಬ್ಬಿಣ ಇಟ್ಟಿದ್ರು. ಕೊಬ್ಬರಿ ಬೆಲ್ಲ ಕೊಟ್ಟಿದ್ರು. ನಾನೂ ಪಾತಿಗೊಂದಿಷ್ಟು ಇಟ್ಟೆ."

ರುದ್ರಪ್ಪ ಓಡಿಹೋಗಿ ಮೊದಲ ಪಾತಿಯ ತಲೆಯ ಕಡೆ ಮಣ್ಣು ಕೆದಕಿದ. ಅವನ ಕುಡುಗೋಲು ಸಿಕ್ಕಿತು. ಇರುವೆಗಳು ಯಾಕೆ ಬಂದವೆಂದೂ ತಿಳಿಯಿತು. ನಾನು ಅವನನ್ನಾಗಲಿ, ಅವನು ನನ್ನನ್ನಾಗಲಿ ಕ್ಷಮೆ ಕೇಳಲಿಲ್ಲ. ಅಂಥ ಅಭ್ಯಾಸ ನಮ್ಮಲ್ಲಿರಲಿಲ್ಲ.

ಸಾಹೇಬರು ನಾಲೆಯ ಏರಿಯ ಮೇಲೆ ತಲೆ ಹಿಡಿದು ಕುಳಿತರು. ನಾನು ಹತ್ತಿರ ಹೋದೆ. "ತಪ್ಪು ನಂದೇ ಹಾಲಮ್ಮ," ಎಂದರು. "ಯಾವಾಗ ಮುಚ್ಚಬೇಕು, ಯಾವಾಗ ತೆಗೀಬೇಕು ಅಂತ ಹೇಳಿದೆ. ನಡುವೆ ಕತ್ತಲು ಒಂದೇ ಸಮ ಇರಬೇಕು ಅಂತ ಹೇಳಲಿಲ್ಲ. ರಾತ್ರಿ ನಡುವೆ ಒಂದಿಷ್ಟು ಬೆಳಕು ಬಿದ್ದರೂ ಎಲೆ ಮೊದಲಿಂದ ಲೆಕ್ಕ ಶುರು ಮಾಡುತ್ತೆ. ಉದ್ದದ ಒಂದು ರಾತ್ರಿ ಹೋಗಿ ಗಿಡ್ಡ ಎರಡು ರಾತ್ರಿ ಆಗುತ್ತೆ. ಅದು ಹೂ ಬಿಡಲ್ಲ." ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಸಾಹೇಬರಿಗೆ ತಲೆ ಕೆಟ್ಟಿತು ಎಂದು ನಾನು ರುದ್ರಪ್ಪನನ್ನು ಕೂಗಿದೆ.

ತಲೆ ಕೆಟ್ಟಿರಲಿಲ್ಲ. ಎದ್ದು ಬಂದು ಹನುಮಕ್ಕನಿಗೆ, "ಹಬ್ಬದ ತನಕ ದೀಪ ಇಡಿ, ಬಿಡಬೇಡಿ," ಎಂದರು. "ಬೆಲ್ಲ ಮಾತ್ರ ಬೇಡ."

ಗೌರಿ ಹಬ್ಬದ ಮುಂಚೆ ದೊಡ್ಡ ಸಾಹೇಬರ ಜೀಪು ಬಂತು. ಮೊದಲು ಶೆಡ್ಡಿನ ಹಿಂದಿನ ಪಾತಿಗಳನ್ನು ನೋಡಿದರು. "ಇದನ್ನ ಸಾರು ಮಾಡ್ಕೊಂಡು ಉಣ್ಣಿ," ಎಂದರು. ನಮಗೆ ಆಗಲೇ ಕೈಯಲ್ಲಿ ಜಲ್ಲಿ ಒಡೆಯುವ ಸುತ್ತಿಗೆ ಹಿಡಿದಂತಾಯಿತು. ಸದಾನಂದ ಸಾಹೇಬರು ಅವರನ್ನು ನಾಲೆ ದಾಟಿಸಿದರು. ಆಚೆಯ ಪಾತಿಯಲ್ಲಿ ಹಳದಿ ಸೇವಂತಿಗೆ ಒಂದಕ್ಕೊಂದು ಒತ್ತಿಕೊಂಡು ಅರಳಿತ್ತು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಅದೇ ತಳಿ ಸಾರ್, ಅದೇ ಕಂಬಳಿ," ಎಂದರು ನಮ್ಮ ಸಾಹೇಬರು. "ಇಲ್ಲಿ ಬರೀ ಕತ್ತಲು ಕೊಟ್ಟಿದ್ದು. ಅಲ್ಲಿ ಕತ್ತಲ ನಡುವೆ ದೀಪ ಇಟ್ಟು ಪರೀಕ್ಷೆ ಮಾಡಿದ್ದು."

"ಪರೀಕ್ಷೆ ಅಲ್ರೀ," ಎಂದು ಈಚೆ ದಡದಿಂದಲೇ ಕೂಗಿ ಹೇಳಿದಳು ಹನುಮಕ್ಕ. "ಹುಡುಗೀರು ಹೆದರಬಾರದು ಅಂತ ಇಟ್ಟಿದ್ದು."

ದೊಡ್ಡ ಸಾಹೇಬರು ಈಚೆ ಬಂದು, ಎಲ್ಲವನ್ನೂ ಅವಳ ಬಾಯಿಂದಲೇ ಕೇಳಿದರು, ಗುಡ್ಲು, ಕುಡುಗೋಲು, ಕೊಬ್ಬರಿ ಸಮೇತ. ನಮ್ಮ ಸಾಹೇಬರು ಬೂಟು ನೋಡುತ್ತಾ ನಿಂತಿದ್ದರು. ಬೂಟು ಕೈಯಲ್ಲೇ ಇತ್ತು. ಎಲ್ಲ ಕೇಳಿ ಮುಗಿಸಿ ದೊಡ್ಡ ಸಾಹೇಬರು, "ಎಣ್ಣೆ ಯಾರದು?" ಎಂದರು.

"ನಂದೇ. ರೇಷನ್ನಿಂದು."

ದೊಡ್ಡ ಸಾಹೇಬರು ನಮ್ಮ ಸಾಹೇಬರನ್ನು ಕೇಳಿದರು: "ದೀಪ ತೆಗೆದ ಮೇಲೆ ಇವು ಹೂ ಬಿಡ್ತಾವೇನ್ರೀ?"

"ಬಿಡ್ತಾವೆ ಸಾರ್. ತೆಗೆದು ಎರಡು ತಿಂಗಳಿಗೆ. ಬೇಕೆಂದರೆ ಸಂಕ್ರಾಂತಿ ತನಕ ತಡೀಬಹುದು."

"ಹಂಗಾದ್ರೆ ಕತ್ತಲಲ್ಲಿ ಗೌರಿ ಹಬ್ಬಕ್ಕೆ, ದೀಪದಲ್ಲಿ ಸಂಕ್ರಾಂತಿಗೆ." ಅವರು ರುದ್ರಪ್ಪನ ಕಡೆ ತಿರುಗಿದರು. "ಮೇಸ್ತ್ರಿ, ನಾಳೆಯಿಂದ ಈಯಮ್ಮನಿಗೆ ಸೀಮೆಎಣ್ಣೆ ಆಫೀಸಿಂದ ಕೊಡು."

ಎಣ್ಣೆ ಕೊಡುವವರು ಟ್ರ್ಯಾಕ್ಟರ್ ಬಿಡುವುದಿಲ್ಲ. ಅಷ್ಟು ನಮಗೆ ತಿಳಿಯಿತು. ಜೀಪು ಹೋದ ಮೇಲೆ ನಾವು ಯಾರೂ ಕುಣಿಯಲಿಲ್ಲ, ಕಂಬಳಿ ಹೊದಿಸುವ ಹೊತ್ತಾಗಿತ್ತು.

ಇದಾದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಹೂವಿನ ಗುಟ್ಟೆಲ್ಲ ನನಗೆ ಗೊತ್ತು ಎಂದುಕೊಂಡೆ. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ನನ್ನ ಪರಿಚಯದವರೊಬ್ಬರ ಮಗಳ ಮದುವೆ ಗೊತ್ತಾಗಿತ್ತು. ಅಂಗಳದ ಗುಲಾಬಿ ಮದುವೆ ದಿನಕ್ಕೆ ಅರಳಬೇಕು ಎಂದರು. ಅದೇನು ಮಹಾ, ನಾನು ಅರಳಿಸುತ್ತೇನೆ ಎಂದು ಕಂಬಳಿ ಹೊತ್ತುಕೊಂಡು ಹೋಗಿ, ದಿನಾ ಸಂಜೆ ಹೊದಿಸಲು ಹೇಳಿ ಬಂದೆ. ಮದುವೆಗೆ ಹೋದಾಗ ಗುಲಾಬಿ ಗಿಡದ ಎಲೆಗೆಲ್ಲ ಬೂದಿ ಬಳಿದ ಹಾಗೆ ರೋಗ ಬಂದಿತ್ತು. ಹೂ ಒಂದೂ ಇಲ್ಲ. ಮದುಮಗಳ ತಾಯಿ ನನಗೆ ಊಟಕ್ಕೆ ಎಲೆ ಹಾಕಿಸಿ, "ಹಾಲಮ್ಮ, ಕಂಬಳಿ ಹೊದ್ಕಂಡು ಉಣ್ಣು, ಹೋಳಿಗೆ ಇನ್ನೆರಡು ಬೇಗ ಬರ್ತಾವೆ," ಎಂದರು.

ಸದಾನಂದ ಸಾಹೇಬರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಗುಲಾಬಿ ಕತ್ತಲು ಅಳೆಯಲ್ಲ ಹಾಲಮ್ಮ. ಚಿಗುರು ಬಂದರೆ ಸಾಕು, ತುದಿಗೆ ಮೊಗ್ಗು ಬರುತ್ತೆ. ಕತ್ತರಿ ಹಾಕಿ ಚಿಗುರಿಸಿದ್ದರೆ ಮುಗೀತಿತ್ತು. ಯಾವ ಗಿಡ ಏನು ನೋಡಿ ಹೂ ಬಿಡಬೇಕು ಅನ್ನೋದು ಅದರ ಹುಟ್ಟಿನಲ್ಲೇ ಬಂದಿರುತ್ತೆ. ಅದಕ್ಕೇ ಜೀನು ಅನ್ನೋದು. ನಿಮ್ಮ ಮನೆಯವರಿಗೆಲ್ಲ ನಾಲಿಗೆ ಉದ್ದ ಬಂದಿದೆಯಲ್ಲ, ಹಾಗೆ." ಆ ಮಾತಿಗೆ ಅವರ ಕಾಲಿನ ಮುಳ್ಳು ಎರಡು ದಿನ ನಾನು ತೆಗೆಯಲಿಲ್ಲ.

ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಬಟನ್ ಒತ್ತಿ ಮನೆಗೆ ಹೋಗಬೇಡಿ. ಒಳಗೆ ಯಾರಾದರೂ ದೀಪ ಇಟ್ಟಿದ್ದಾರೆಯೇ ನೋಡಿ. ಇಟ್ಟಿದ್ದರೆ ಬೈಯುವ ಮುಂಚೆ ಯಾಕೆ ಎಂದು ಕೇಳಿ.

ಹನುಮಕ್ಕನ ವಿಷಯ ಬರೆದು ಮುಗಿಸುತ್ತೇನೆ. ಮುಂದೆ ಪ್ರತಿ ವರ್ಷ ಕಂಬಳಿ ನಮ್ಮ ಪಾಲಿಗೆ, ದೀಪ ಅವಳ ಪಾಲಿಗೆ. ಎಂಬತ್ತರ ದಶಕದ ನಡುವೆ ತೋಟಕ್ಕೆ ಕರೆಂಟು ಬಂದು ಬಲ್ಬು ಹಾಕಿದರು. ಸ್ವಿಚ್ಚನ್ನೂ ಅವಳಿಗೇ ಕೊಟ್ಟರು. ದೀಪ ಇಟ್ಟರೆ ಹೂ ಬಿಡುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಂಕ್ರಾಂತಿಯ ಬೆಳೆಗೆ ದೀಪ ನಿಲ್ಲಿಸುವ ದಿನ ಬಂದಾಗ ಮಾತ್ರ ಪ್ರತಿ ಸಲ ತಕರಾರು. ಮೂರು ಪಾತಿಯದನ್ನು ನಿಲ್ಲಿಸುವಳು, ಮೂಲೆಯ ಒಂದು ಪಾತಿಯದನ್ನು ನಿಲ್ಲಿಸುತ್ತಿರಲಿಲ್ಲ.

"ಅಕ್ಕ, ಅದನ್ನೂ ಆರಿಸು, ಹೂ ತಡ ಆಗ್ತೈತೆ," ಎಂದೆ ಒಂದು ಸಲ.

ಹನುಮಕ್ಕನನ್ನು ಗುಡ್ಲಿನಿಂದ ಎಬ್ಬಿಸಿದ ತಿಂಗಳಲ್ಲೇ ಮದುವೆ ಮಾಡಿ ಕಳಿಸಿದ್ದರಂತೆ. ಅದನ್ನು ಅವಳು ಅಂದೇ ಹೇಳಿದ್ದು, ಒಂದೇ ಸಲ.

"ಇರಲಿ ಬಿಡೆ," ಎಂದಳು. "ಅದೊಂದು ಇನ್ನಷ್ಟು ದಿನ ಹುಡುಗಿಯಾಗೇ ಇರಲಿ."

ನಾನು ಸ್ವಿಚ್ಚು ಮುಟ್ಟಲಿಲ್ಲ.